ಒಂದು ಹರಳು ಉಪ್ಪು, ಎರಡು ನೋಟ್‌ಪುಸ್ತಕ



"ಸ್ವಾಮಿ, ಮಗಳನ್ನ ಸೇರ್ಸಿದ್ದು ಕೆಮಿಸ್ಟ್ರಿಗೆ. ಫಿಸಿಕ್ಸ್ ಯಾಕೆ ಓದಿಸ್ತಾವ್ರೆ? ಅದ್ರಲ್ಲೇ ಫೇಲಾಗವ್ಳೆ. ಬೇಡ್ದೆ ಇರೋದನ್ನ ತಲೆಗ್ ಕಟ್ಟಿ ಮಕ್ಳನ್ನ ಅಳ್ಸೋದು ಯಾವ ನ್ಯಾಯ, ನೀವೇ ಹೇಳಿ."

ಜನವರಿ ತಿಂಗಳ ಒಂದು ಮಧ್ಯಾಹ್ನ, ವಯನಾಡು ಜಿಲ್ಲೆಯ ನೂಲ್ಪುಳದಲ್ಲಿ ಪರಿಚಯದವರ ಜಗಲಿಯ ಮೇಲೆ ಕುಳಿತಿದ್ದಾಗ ಮನೆಯ ಯಜಮಾನರು ನಮ್ಮ ಮುಂದಿಟ್ಟ ಪ್ರಶ್ನೆ ಇದು. ಅಂಗಳದಲ್ಲಿ ಕಾಳುಮೆಣಸು ಒಣಗುತ್ತಿತ್ತು. ಒಳಗೆ ಬಾಗಿಲ ಮರೆಯಲ್ಲಿ ಮಗಳು ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ, ಬಂಡೀಪುರದ ಕಾಡು ದಾಟಿ, ಮೂಲೆಹೊಳೆ, ಪೊನ್‌ಕುಳಿ, ಮುತ್ತಂಗ ಕಳೆದರೆ ನೂಲ್ಪುಳ ಪಂಚಾಯಿತಿಯ ಊರುಗಳು. ಮಲಯಾಳದಲ್ಲಿ ನೂಲು ಎಂದರೆ ದಾರ, ಪುಳ ಎಂದರೆ ಹೊಳೆ. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ತಮಿಳುನಾಡು. ಇಲ್ಲಿನ ಕಾಟುನಾಯ್ಕರ ಮಾತು ನಮ್ಮ ಕನ್ನಡಕ್ಕೆ ತೀರಾ ಹತ್ತಿರ. ಇಲ್ಲಿಂದ ಶುಂಠಿ ಬೆಳೆಯಲು ಜನ ನಮ್ಮ ಕಡೆಗೆ ಬರುತ್ತಾರೆ, ನಮ್ಮ ಕಡೆಯವರು ಕೂಲಿಗೂ ವ್ಯಾಪಾರಕ್ಕೂ ಅಲ್ಲಿಗೆ ಹೋಗುತ್ತಾರೆ. ಹಾಗೆ ಹೋಗಿ ಅಲ್ಲಿಯೇ ನೆಲೆನಿಂತ ಮನೆ ಇದು. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಮಗು ಇವಳೇ. ಬತ್ತೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪದವಿಗೆ ಸೇರಿದ್ದಳು. ಮೊದಲ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರಕ್ಕೆ ಒಳ್ಳೆಯ ಅಂಕ ಬಂದಿತ್ತು. ಅದರ ಜೊತೆಗೆ ತೆಗೆದುಕೊಂಡಿದ್ದ ಭೌತಶಾಸ್ತ್ರದಲ್ಲಿ ನಪಾಸು.

"ಅವಳು ಇನ್ನು ಹೋಗಲ್ಲ ಅಂತಾಳೆ ಸ್ವಾಮಿ. ಬತ್ತೇರಿಯಲ್ಲಿ ಬಟ್ಟೆ ಅಂಗಡಿಯೋರು ಕರೀತಾವ್ರೆ. ಅಲ್ಲಿಗೇ ಹೋಗ್ತೀನಿ ಅಂತಾಳೆ," ಎಂದರು ತಾಯಿ.

ಬಟ್ಟೆ ಅಂಗಡಿಯ ದುಡಿಮೆ ಕೀಳಲ್ಲ. ಆದರೆ ಅಳುತ್ತಾ ಹಿಡಿಯುವ ಕೆಲಸ ಬೇರೆ, ಆರಿಸಿಕೊಂಡು ಹಿಡಿಯುವ ಕೆಲಸ ಬೇರೆ. ಆದ್ದರಿಂದ ನಾವು ಅವಳನ್ನು ಕರೆದು, "ಪುಸ್ತಕ ತಗೊಂಡು ಬಾಮ್ಮ, ನೋಡೋಣ," ಎಂದೆವು. ಅವಳು ಎರಡು ನೋಟ್‌ಪುಸ್ತಕ ತಂದಳು. ಒಂದು ರಸಾಯನಶಾಸ್ತ್ರದ್ದು, ಇನ್ನೊಂದು ಭೌತಶಾಸ್ತ್ರದ್ದು. ಎರಡರಲ್ಲೂ ಒಂದೊಂದು ಪುಟ ತೆರೆದು ನಮ್ಮ ಮುಂದೆ ಹಿಡಿದಳು.

"ಫಾದರ್, ಇದ್ರಲ್ಲಿ ಕೂಡಿಸು ಅಂತಾರೆ, ಅದ್ರಲ್ಲಿ ಕಳೆ ಅಂತಾರೆ. ಎರಡೂ ಒಂದೇ ನಿಯಮ ಅಂತಾರೆ. ಯಾವುದನ್ನ ನಂಬಲಿ?"

ಓದುಗರೇ, ಆ ಪುಟ ನೋಡಿದಾಗ ನಮಗೆ ನಗುವೂ ಬಂತು, ಹಳೆಯ ಗಾಯವೂ ನೆನಪಾಯಿತು. ಏಕೆಂದರೆ ಇಪ್ಪತ್ತು ವರ್ಷಗಳ ಹಿಂದೆ ನಾವೂ ಎಡವಿದ್ದು ಅಲ್ಲಿಯೇ.

ಗುರುಮಠದಲ್ಲಿ ತತ್ವಶಾಸ್ತ್ರದ ಓದು ಮುಗಿದ ಮೇಲೆ ಹಿರಿಯರು ನಮ್ಮನ್ನು ಬಿ.ಎಸ್ಸಿ.ಗೆ ಕಳುಹಿಸಿದರು. ಆಗ ಕರ್ನಾಟಕದಲ್ಲಿ ಪಿ.ಸಿ.ಎಂ. ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ಸಮಾನ ಸ್ಥಾನ. ನಮಗೆ ರಸಾಯನಶಾಸ್ತ್ರವೆಂದರೆ ಪ್ರಾಣ. ನೀಲಿ ದ್ರಾವಣಕ್ಕೆ ಒಂದು ಹನಿ ಬಿದ್ದು ಬಣ್ಣ ಬದಲಾಗುವ ಆಟ ಯಾರಿಗೆ ಬೇಡ? ಭೌತಶಾಸ್ತ್ರವೆಂದರೆ ಮಾತ್ರ ತಲೆನೋವು. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 27 ಅಂಕ ಬಂತು. ಆ ಅಂಕಪಟ್ಟಿಯನ್ನು ತರ್ಕಶಾಸ್ತ್ರದ ಪುಸ್ತಕದೊಳಗೆ ಬಚ್ಚಿಟ್ಟು ಒಂದು ವಾರ ಯಾರಿಗೂ ಹೇಳದೆ ತಿರುಗಿದೆವು. ತರ್ಕದ ಪುಸ್ತಕದೊಳಗೆ ಅಡಗಿಸಿದರೂ ಮನಸ್ಸಿಗೆ ಸಮಾಧಾನದ ತರ್ಕ ಸಿಗಲಿಲ್ಲ!

ನಮ್ಮನ್ನು ಎತ್ತಿ ನಿಲ್ಲಿಸಿದವರು ದೊಡ್ಡ ಪ್ರಾಧ್ಯಾಪಕರಲ್ಲ, ಎರಡೂ ಪ್ರಯೋಗಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದ ಅಟೆಂಡರು. ಒಂದು ಮಧ್ಯಾಹ್ನ ಕತ್ತಲ ಕೋಣೆಯಲ್ಲಿ ಸೋಡಿಯಂ ದೀಪದ ಮುಂದೆ ಉಪಕರಣ ಸರಿಹೊಂದಿಸಲಾಗದೆ ಬೆವರುತ್ತಿದ್ದೆವು. ಅವರು ಪಕ್ಕಕ್ಕೆ ಬಂದು, "ಬ್ರದರ್, ಬೆಳಿಗ್ಗೆ ಆ ಕಟ್ಟಡದಲ್ಲಿ ಉಪ್ಪು ಸುಟ್ಟು ನೋಡಿದ್ರಲ್ಲ, ಆ ಹಳದಿ ಇದೇ ಅಲ್ವಾ?" ಎಂದರು. ಅಷ್ಟೇ. ಬೆಳಿಗ್ಗೆ ಜ್ವಾಲೆಯಲ್ಲಿ ಕಂಡ ಬಣ್ಣ, ಮಧ್ಯಾಹ್ನ ದೀಪದಲ್ಲಿ ಕಂಡ ಬಣ್ಣ, ಎರಡೂ ಒಂದೇ ಎಂದು ನಮಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅದನ್ನೇ ನೂಲ್ಪುಳದ ಆ ಅಡುಗೆಮನೆಯಲ್ಲಿ ಮಾಡಿ ತೋರಿಸಿದೆವು. ಗ್ಯಾಸ್ ಒಲೆ ಹಚ್ಚಿಸಿ, ತಾಯಿಯಿಂದ ಒಂದು ಚಿಟಿಕೆ ಉಪ್ಪು ಕೇಳಿ, ನೀಲಿ ಜ್ವಾಲೆಯ ಮೇಲೆ ಉದುರಿಸಿದೆವು. ಜ್ವಾಲೆ ಥಟ್ಟನೆ ಬಂಗಾರದ ಹಳದಿಗೆ ತಿರುಗಿತು. "ಗಂಜಿ ಉಕ್ಕಿದಾಗ್ಲೂ ಹಿಂಗೇ ಆಯ್ತದೆ," ಎಂದರು ತಾಯಿ. ನಿಜ. ಅವರು ವರ್ಷಗಟ್ಟಲೆ ನೋಡಿದ್ದರು. ಮಗಳು ಪ್ರಯೋಗಶಾಲೆಯಲ್ಲಿ ನೋಡಿದ್ದಳು. ಏಕೆ ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಏಕೆ? ಉಪ್ಪಿನಲ್ಲಿ ಸೋಡಿಯಂ ಇದೆ. ಸೋಡಿಯಂ ಪರಮಾಣುವಿನಲ್ಲಿ 11 ಇಲೆಕ್ಟ್ರಾನುಗಳಿವೆ. ಎಲ್ಲಕ್ಕಿಂತ ಹೊರಗಿರುವುದು ಒಂಟಿ ಇಲೆಕ್ಟ್ರಾನು. ಜ್ವಾಲೆಯ ಬಿಸಿಗೆ ಅದು ಒಂದು ಮೆಟ್ಟಿಲು ಮೇಲಕ್ಕೆ ಹಾರುತ್ತದೆ. ಅಲ್ಲಿ ನಿಲ್ಲಲಾಗದೆ ಕೆಳಗಿಳಿಯುವಾಗ, ಹತ್ತುವಾಗ ಪಡೆದ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಆ ಮೆಟ್ಟಿಲಿನ ಎತ್ತರ ನಿಗದಿಯಾದದ್ದು. ಆದ್ದರಿಂದ ಬೆಳಕಿನ ಬಣ್ಣವೂ ನಿಗದಿಯಾದದ್ದು. ಅದರ ತರಂಗಾಂತರ ಸುಮಾರು 589 ನ್ಯಾನೊಮೀಟರು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲೇ ನ್ಯಾನೊಮೀಟರು. ಉಪ್ಪು ನೂಲ್ಪುಳದ್ದಾಗಲಿ, ಮಂಗಳೂರಿನದಾಗಲಿ, ಈ ಸಂಖ್ಯೆ ಬದಲಾಗದು. ಪೊಟ್ಯಾಸಿಯಂಗೆ ಮೆಟ್ಟಿಲು ಬೇರೆ, ಅದಕ್ಕೆ ತಿಳಿ ನೇರಳೆ. ಬೇರಿಯಂಗೆ ಹಸಿರು. ಹೀಗೆ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬಾಯಿಪಾಠ ಮಾಡುವ ಬಣ್ಣಗಳ ಪಟ್ಟಿಗೆ ಕಾರಣ ಇರುವುದು ಭೌತಶಾಸ್ತ್ರದ ನೋಟ್‌ಪುಸ್ತಕದಲ್ಲಿ.

ಇದು ನಮ್ಮ ಜಾಣತನವಲ್ಲ. ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಬುನ್ಸೆನ್ ಎಂಬ ರಸಾಯನಶಾಸ್ತ್ರಜ್ಞರೂ ಕಿರ್ಖಾಫ್ ಎಂಬ ಭೌತಶಾಸ್ತ್ರಜ್ಞರೂ ಸ್ನೇಹಿತರಾಗಿದ್ದರು. ನಮ್ಮ ಪ್ರಯೋಗಶಾಲೆಗಳ ಬುನ್ಸೆನ್ ಬರ್ನರ್ ಹೆಸರು ಬಂದದ್ದು ಆ ಬುನ್ಸೆನ್ ಅವರಿಂದಲೇ. ಅವರು ಬಗೆಬಗೆಯ ಲವಣಗಳನ್ನು ಜ್ವಾಲೆಯಲ್ಲಿಟ್ಟು, ಬಣ್ಣದ ಗಾಜುಗಳ ಮೂಲಕ ನೋಡಿ ಗುರುತಿಸಲು ಹೆಣಗುತ್ತಿದ್ದರು. ಬಣ್ಣದ ಗಾಜು ಬೇಡ, ಮುಮ್ಮೂಲೆಯ ಪ್ರಿಸಂ ಗಾಜಿನ ಮೂಲಕ ಬೆಳಕನ್ನು ಬಿಡಿಸಿ ನೋಡಬಹುದಲ್ಲ ಎಂದು ಸೂಚಿಸಿದವರು ಕಿರ್ಖಾಫ್. ಇಬ್ಬರೂ ಸೇರಿ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಎರಡು ಹೊಸ ಧಾತುಗಳನ್ನು ಕಂಡುಹಿಡಿದರು. ರಸಾಯನಶಾಸ್ತ್ರಜ್ಞನು ಭೌತಶಾಸ್ತ್ರಜ್ಞನ ಮಾತಿಗೆ ಕಿವಿಗೊಟ್ಟದ್ದರ ಫಲವಿದು. 1868ರಲ್ಲಂತೂ ಸೂರ್ಯನ ಬೆಳಕಿನಲ್ಲಿ ಸೋಡಿಯಂನ ಹಳದಿಗೆ ತೀರಾ ಹತ್ತಿರದ, ಆದರೆ ಅದಲ್ಲದ ಇನ್ನೊಂದು ಹಳದಿ ಗೆರೆ ಸಿಕ್ಕಿತು. ಅದೇ ಹೀಲಿಯಂ. ಭೂಮಿಯ ಮೇಲೆ ಅದು ರಸಾಯನಶಾಸ್ತ್ರಜ್ಞರ ಕೈಗೆ ಸಿಕ್ಕಿದ್ದು 1895ರಲ್ಲಿ.

ಇನ್ನು ಕೂಡಿಸು ಕಳೆ ವಿಷಯ. ಒಂದು ಅನಿಲಕ್ಕೆ 100 ಜೌಲ್ ಶಾಖ ಕೊಟ್ಟೆವು ಎನ್ನಿ. ಅದು ಹಿಗ್ಗಿ, ಮುಚ್ಚಳವನ್ನು ಮೇಲಕ್ಕೆ ತಳ್ಳಿ, 40 ಜೌಲ್ ಕೆಲಸ ಮಾಡಿತು. ಅದರೊಳಗೆ ಉಳಿದದ್ದು 60. ಭೌತಶಾಸ್ತ್ರದ ಮೇಷ್ಟರು ಸಾಮಾನ್ಯವಾಗಿ ಅನಿಲವು ಹೊರಗೆ ಮಾಡಿದ ಕೆಲಸವನ್ನು ಲೆಕ್ಕಕ್ಕಿಡುತ್ತಾರೆ. ಆದ್ದರಿಂದ ನೂರರಿಂದ ನಲವತ್ತು ಕಳೆಯುತ್ತಾರೆ. ರಸಾಯನಶಾಸ್ತ್ರದ ಮೇಷ್ಟರು ಅನಿಲದ ಮೇಲೆ ನಡೆದ ಕೆಲಸವನ್ನು ಲೆಕ್ಕಕ್ಕಿಡುತ್ತಾರೆ. ಇಲ್ಲಿ ಅದು ಋಣ ನಲವತ್ತು. ನೂರಕ್ಕೆ ಋಣ ನಲವತ್ತನ್ನು ಕೂಡಿಸುತ್ತಾರೆ. ಉತ್ತರ ಎರಡರಲ್ಲೂ 60.

ಇದನ್ನು ನಾವು ಬಾಯಲ್ಲಿ ಹೇಳಿದಾಗ ಹುಡುಗಿಯ ಮುಖ ಅರಳಲಿಲ್ಲ. ಆಗ ತಂದೆಯವರೇ ನೆರವಿಗೆ ಬಂದರು. "ಓ, ಮಂಡಿ ಲೆಕ್ಕದಂಗೆ! ಶುಂಠಿ ಹಾಕಿದ್ರೆ ನನ್ನ ಪುಸ್ತಕದಲ್ಲಿ ಬರಬೇಕಾದ ದುಡ್ಡು, ಸೇಟು ಪುಸ್ತಕದಲ್ಲಿ ಕೊಡಬೇಕಾದ ದುಡ್ಡು. ದುಡ್ಡು ಒಂದೇ!" ಎಂದರು. ಅಪ್ಪನ ಆ ಮಾತು ಮಗಳ ತಲೆಗೆ ಇಳಿಯಿತು. ಫಿಸಿಕ್ಸ್ ಯಾಕೆ ಎಂದು ಸಿಟ್ಟಿನಿಂದ ಕೇಳಿದವರೇ ಒಂದು ಪಾಠ ಹೇಳಿಕೊಟ್ಟಿದ್ದರು!

ಓದುಗರೇ, ಇಂತಹ ಜಗಳಗಳು ಇನ್ನೂ ಇವೆ. ಧನ ಮತ್ತು ಋಣ ವಿದ್ಯುತ್ತಿನ ಜೋಡಿಯನ್ನು ತೋರಿಸುವ ಬಾಣದ ಗುರುತನ್ನು ಭೌತಶಾಸ್ತ್ರದವರು ಋಣದಿಂದ ಧನಕ್ಕೆ ಎಳೆಯುತ್ತಾರೆ, ರಸಾಯನಶಾಸ್ತ್ರದವರು ಬಹುಮಟ್ಟಿಗೆ ಧನದಿಂದ ಋಣಕ್ಕೆ ಎಳೆಯುತ್ತಾರೆ. ಎರಡೂ ತಪ್ಪಲ್ಲ, ಪದ್ಧತಿ ಬೇರೆ. ಆದರೆ ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗು ತನ್ನ ತಲೆಯೇ ಮಂದ ಎಂದುಕೊಳ್ಳುತ್ತದೆ. ಎಷ್ಟು ಮಕ್ಕಳು ಹೀಗೆ ತಮ್ಮದಲ್ಲದ ತಪ್ಪಿಗೆ ತಮ್ಮನ್ನೇ ಬೈದುಕೊಂಡು ಓದು ಬಿಟ್ಟಿರಬಹುದು!

ಭಾಷೆಯ ತೊಡಕನ್ನೂ ನಾವು ಆ ದಿನ ಕಂಡೆವು. ಕನ್ನಡದ ಪಠ್ಯಪುಸ್ತಕದಲ್ಲಿ ಎನರ್ಜಿ ಎಂದರೆ ಶಕ್ತಿ, ಫೋರ್ಸ್ ಎಂದರೆ ಬಲ. ಅವಳು ಓದಿದ ಮಲಯಾಳ ಪುಸ್ತಕದಲ್ಲಿ ಎನರ್ಜಿಗೆ ಊರ್ಜಂ, ವರ್ಕ್‌ಗೆ ಪ್ರವೃತ್ತಿ. ಮನೆಯಲ್ಲಿ ಅಪ್ಪ 'ಶಕ್ತಿ ಇಲ್ಲ' ಎಂದರೆ ಜ್ವರ ಬಂದಿದೆ ಎಂದರ್ಥ. ತಲೆಯ ಮೇಲೆ ಮೂಟೆ ಹೊತ್ತು ಅಲುಗಾಡದೆ ಗಂಟೆಗಟ್ಟಲೆ ನಿಂತವನು ಬೆವರು ಸುರಿಸುತ್ತಾನೆ. ಆದರೂ ಮೂಟೆಯ ಮೇಲೆ ಅವನು ಮಾಡಿದ ಕೆಲಸ ಸೊನ್ನೆ ಎನ್ನುತ್ತದೆ ಭೌತಶಾಸ್ತ್ರ! ಕೂಲಿಯವನ ಮಗಳಿಗೆ ಈ ಮಾತು ಹೇಗೆ ಒಪ್ಪಿಗೆಯಾದೀತು? ಇಲ್ಲಿ ಕೆಲಸ ಎಂಬುದು ಬೆವರಿನ ಅಳತೆಯಲ್ಲ, ಬಲದ ದಿಕ್ಕಿನಲ್ಲಿ ವಸ್ತು ಎಷ್ಟು ದೂರ ಸರಿಯಿತು ಎಂಬುದರ ಅಳತೆ ಎಂದು ಮೊದಲೇ ಹೇಳಬೇಕು. ಹಳೆಯ ಪದಕ್ಕೆ ಹೊಸ ಅರ್ಥ ಕೊಟ್ಟಿದ್ದೇವೆ ಎಂದು ಒಪ್ಪಿಕೊಂಡು ಹೇಳಬೇಕು.

ಹೊರಡುವ ಮುನ್ನ ಅವಳು ಮತ್ತೊಂದು ಪ್ರಶ್ನೆ ಕೇಳಿದಳು. "ಸ್ಪ್ರಿಂಗಿಗೆ ಕಲ್ಲು ಕಟ್ಟಿ ಅಲ್ಲಾಡ್ಸೋ ಲೆಕ್ಕ ಕೆಮಿಸ್ಟ್ರಿಯವರಿಗೆ ಏನಕ್ಕೆ ಫಾದರ್?"

ನಾವು ಬಂದ ಬಸ್ಸನ್ನೇ ಉದಾಹರಣೆ ಕೊಟ್ಟೆವು. ಗುಂಡ್ಲುಪೇಟೆಯಲ್ಲಿ ಖಾಲಿಯಾಗಿ ಹೊರಟ ಬಸ್ಸು ಕಾಡಿನ ರಸ್ತೆಯ ಒಂದೊಂದು ಉಬ್ಬಿಗೂ ಬೇಗಬೇಗನೆ ಕುಲುಕುತ್ತದೆ. ಅದೇ ಬಸ್ಸು ಜನರಿಂದ, ಮೂಟೆಗಳಿಂದ ತುಂಬಿದ್ದರೆ ನಿಧಾನವಾಗಿ ತೂಗುತ್ತದೆ. ಸ್ಪ್ರಿಂಗು ಅದೇ, ಭಾರ ಹೆಚ್ಚಾದರೆ ತೂಗಾಟ ನಿಧಾನ. ಅಣುವಿನಲ್ಲಿ ಎರಡು ಪರಮಾಣುಗಳನ್ನು ಹಿಡಿದಿರುವ ಬಂಧವೂ ಹೆಚ್ಚುಕಡಿಮೆ ಒಂದು ಸ್ಪ್ರಿಂಗಿನಂತೆ. ಪ್ರಯೋಗಶಾಲೆಯ ಹೈಡ್ರೋಕ್ಲೋರಿಕ್ ಆಮ್ಲದ ಅನಿಲರೂಪವನ್ನು ತೆಗೆದುಕೊಳ್ಳಿ. ಅದರ ಒಂದು ಅಣು ಸೆಕೆಂಡಿಗೆ ಸುಮಾರು 86 ಲಕ್ಷ ಕೋಟಿ ಸಲ ಹಿಗ್ಗಿ ಕುಗ್ಗುತ್ತದೆ. ಅದರಲ್ಲಿನ ಜಲಜನಕವನ್ನು ತೆಗೆದು, ಎರಡರಷ್ಟು ಭಾರದ ಡ್ಯೂಟೀರಿಯಂ ಇಟ್ಟರೆ ಸುಮಾರು 62 ಲಕ್ಷ ಕೋಟಿಗೆ ಇಳಿಯುತ್ತದೆ. ತುಂಬಿದ ಬಸ್ಸಿನ ಹಾಗೆಯೇ! ಕಲ್ಲು ಕಟ್ಟಿದ ಸ್ಪ್ರಿಂಗಿನ ಅದೇ ಸೂತ್ರ ಇಲ್ಲಿಯೂ ನಡೆಯುತ್ತದೆ.

ಈ ತೂಗಾಟವನ್ನು ಬೆಳಕಿನಿಂದ ಪತ್ತೆಹಚ್ಚುವ ದಾರಿ ತೋರಿದವರು ನಮ್ಮ ಸಿ.ವಿ. ರಾಮನ್. ದ್ರವದ ಮೂಲಕ ಬೆಳಕು ಹಾಯುವಾಗ ಚದುರಿದ ಬೆಳಕಿನ ಬಹು ಅಲ್ಪ ಪಾಲು ಬಣ್ಣ ಬದಲಿಸಿಕೊಳ್ಳುತ್ತದೆ ಎಂದು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಅವರು ಕಂಡರು. ಆ ಬದಲಾವಣೆಯಲ್ಲಿ ಅಣುವಿನ ತೂಗಾಟದ ಗುರುತು ಅಡಗಿರುತ್ತದೆ. 1930ರಲ್ಲಿ ಅವರಿಗೆ ಸಿಕ್ಕಿದ್ದು ಭೌತಶಾಸ್ತ್ರದ ನೊಬೆಲ್. ಆದರೆ ಇಂದು ರಾಮನ್ ಪರಿಣಾಮವನ್ನು ದಿನವೂ ಬಳಸುವವರಲ್ಲಿ ರಸಾಯನಶಾಸ್ತ್ರಜ್ಞರು ಬಹಳ. ಔಷಧ ಅಸಲಿಯೋ ನಕಲಿಯೋ, ಈ ಪುಡಿಯಲ್ಲಿ ಏನಿದೆ ಎಂದು ಡಬ್ಬಿ ಒಡೆಯದೆಯೇ ನೋಡಲು ಅದು ನೆರವಾಗುತ್ತದೆ. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ 1970ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಬಾಳಿದರು. ಇನ್ನು ನಮ್ಮ ಸಿ.ಎನ್.ಆರ್. ರಾವ್ ಅವರನ್ನೇ ನೋಡಿ. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದವರು. 2014ರಲ್ಲಿ ಭಾರತರತ್ನ ಸ್ವೀಕರಿಸಿದರು. ಅವರ ಕ್ಷೇತ್ರವಾದ ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಭೌತಶಾಸ್ತ್ರ ಎಲ್ಲಿ ಮುಗಿದು ರಸಾಯನಶಾಸ್ತ್ರ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದೇ ಕಷ್ಟ.

ಅಂದಹಾಗೆ, ಮನೆಯವರ ದೂರಿಗೂ ಒಂದು ಉತ್ತರ ಹೇಳಬೇಕು. ಭೌತಶಾಸ್ತ್ರವನ್ನು ಜೊತೆಗಿಡುವುದು ಒಂದೇ ಕಾಲೇಜಿನ ಹಟವಲ್ಲ. ಕೇರಳದಲ್ಲಿ ಹಿಂದೆ ಇದನ್ನು ಪೂರಕ ವಿಷಯ ಎನ್ನುತ್ತಿದ್ದರು. 2024ರಲ್ಲಿ ನಾಲ್ಕು ವರ್ಷದ ಪದವಿ ಬಂದ ಮೇಲೆ ಮುಖ್ಯ ವಿಷಯದ ಜೊತೆ ಕಿರು ವಿಷಯವಾಗಿ ಓದುತ್ತಾರೆ. ಕರ್ನಾಟಕದಲ್ಲಿ 2021ರಲ್ಲಿ ಹೊಸ ಪದ್ಧತಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷದ, ಮೂರು ವಿಷಯಗಳ ಪದವಿಗೆ ಮರಳಿದರು. ಹೆಸರು, ಅಂಕದ ಲೆಕ್ಕ ಬದಲಾಗಬಹುದು, ಆದರೆ ರಸಾಯನಶಾಸ್ತ್ರಕ್ಕೆ ಭೌತಶಾಸ್ತ್ರದ ಊರುಗೋಲು ಬೇಕೆಂಬುದು ಬದಲಾಗಿಲ್ಲ.

ಹಾಗಾದರೆ ಓದುವುದು ಹೇಗೆ? ನಮಗೆ ಉಪಯೋಗಕ್ಕೆ ಬಂದ ನಾಲ್ಕು ಮಾತುಗಳನ್ನು ಅವಳಿಗೆ ಹೇಳಿದೆವು. ನಿಮ್ಮ ಮನೆಯಲ್ಲಿಯೂ ಇಂತಹ ಮಕ್ಕಳಿದ್ದರೆ ಅವರಿಗೂ ಹೇಳಿ.

ಮೊದಲನೆಯದು, ಸೂತ್ರವನ್ನು ಬಾಯಿಪಾಠ ಮಾಡುವ ಮುನ್ನ ಅದರ ಒಂದೊಂದು ಅಕ್ಷರ ಏನನ್ನು ಹೇಳುತ್ತದೆ ಎಂದು ಮನೆಮಾತಿನಲ್ಲಿ ಒಂದು ಸಾಲು ಬರೆಯಬೇಕು. ಕನ್ನಡದಲ್ಲಿ ಬರೆದರೆ ತಪ್ಪೇನೂ ಇಲ್ಲ, ಪರೀಕ್ಷೆಯಲ್ಲಿ ಇಂಗ್ಲಿಷ್ ಬರೆದರಾಯಿತು.

ಎರಡನೆಯದು, ಪ್ರತಿ ಲೆಕ್ಕಕ್ಕೂ ಚಿತ್ರ ಬರೆಯಬೇಕು, ಪ್ರತಿ ಸಂಖ್ಯೆಗೂ ಅದರ ಮಾನ ಬರೆಯಬೇಕು. ಕಿಲೋಮೀಟರಿಗೆ ಕಿಲೋಗ್ರಾಂ ಕೂಡಿಸಲು ಹೊರಟಿದ್ದೇವೆ ಎಂಬುದು ಆಗ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅರ್ಧ ತಪ್ಪುಗಳು ಅಲ್ಲಿಯೇ ಸಿಗುತ್ತವೆ.

ಮೂರನೆಯದು, ಗಣಿತವನ್ನು ಮರೆತಿದ್ದರೆ ಹಿಂದಕ್ಕೆ ಹೋಗಲು ನಾಚಬಾರದು. ಭೌತಶಾಸ್ತ್ರದಲ್ಲಿ ಎಡವಿದೆ ಎನ್ನುವವರಲ್ಲಿ ಅನೇಕರು ನಿಜವಾಗಿ ಎಡವಿರುವುದು ಪ್ಲಸ್ ವನ್ ಗಣಿತದಲ್ಲಿ. ದಿಕ್ಕುಳ್ಳ ಪರಿಮಾಣಗಳನ್ನು ಕೂಡಿಸುವುದು, ಬದಲಾವಣೆಯ ದರ ಕಂಡುಹಿಡಿಯುವುದು ಇವೆರಡನ್ನು ಹದಿನೈದು ದಿನ ಕುಳಿತು ಮತ್ತೆ ಕಲಿತರೆ ಅರ್ಧ ಭಯ ಕಳೆಯುತ್ತದೆ.

ನಾಲ್ಕನೆಯದು, ಒಬ್ಬಳೇ ಕೂರಬಾರದು. ಭೌತಶಾಸ್ತ್ರ ಮುಖ್ಯವಾಗಿರುವ ಮಕ್ಕಳಿಗೆ ರಸಾಯನಶಾಸ್ತ್ರ ತಲೆನೋವು! ಅವರಿಗೆ ಇವಳು ಹೇಳಿಕೊಡಲಿ, ಇವಳಿಗೆ ಅವರು ಹೇಳಿಕೊಡಲಿ. ಬುನ್ಸೆನ್, ಕಿರ್ಖಾಫ್ ಮಾಡಿದ್ದೂ ಇದನ್ನೇ ಅಲ್ಲವೇ?

ಕೊನೆಗೆ ಅವಳು ತಲೆ ತಗ್ಗಿಸಿ, "ಒಂದು ಸಲ ಫೇಲಾದವಳು ಅಂತ ಎಲ್ಲರಿಗೂ ಗೊತ್ತಾಗಿದೆ ಫಾದರ್," ಎಂದಳು. ಆಗ ನಾವು ಅವಳಿಗೆ ಗ್ರೆಗರ್ ಮೆಂಡೆಲ್ ಅವರ ಕಥೆ ಹೇಳಿದೆವು. ಅವರೂ ನಮ್ಮಂತೆ ಗುರುಗಳು. ಬ್ರನೊ ಪಟ್ಟಣದ ಮಠದವರು. 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಮಠದ ಹಿರಿಯರು ಅವರನ್ನು ಮೂಲೆಗೆ ತಳ್ಳಲಿಲ್ಲ, 1851ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಓದಲು ಕಳುಹಿಸಿದರು. ಅಲ್ಲಿ ಅವರು ಕ್ರಿಶ್ಚಿಯನ್ ಡಾಪ್ಲರ್ ಅವರಂತಹ ಮೇಷ್ಟರ ಬಳಿ ಭೌತಶಾಸ್ತ್ರ ಓದಿದರು. ಮರಳಿ ಬಂದು ಬಟಾಣಿ ಗಿಡ ಬೆಳೆಸಿದಾಗ, ಹಿಂದಿನವರಂತೆ ಕೇವಲ ನೋಡಿ ವರ್ಣಿಸಲಿಲ್ಲ. ಎಣಿಸಿದರು, ಪ್ರಮಾಣ ಹಾಕಿದರು. ಎಣಿಸಿ ಅಳೆಯುವ ಆ ಶಿಸ್ತಿಗೆ ಭೌತಶಾಸ್ತ್ರದ ತರಗತಿಯ ಪಾಲೂ ಇತ್ತು. 1856ರಲ್ಲಿ ಅದೇ ಶಿಕ್ಷಕರ ಪರೀಕ್ಷೆಗೆ ಮತ್ತೆ ಹೋದರು, ಮತ್ತೆ ಕೈಗೂಡಲಿಲ್ಲ. ಆದರೆ ಗಿಡ ಎಣಿಸುವುದನ್ನು ಬಿಡಲಿಲ್ಲ. 1866ರಲ್ಲಿ ಅಚ್ಚಾದ ಅವರ ಪ್ರಬಂಧದ ಮೇಲೆ ಇಂದಿನ ತಳಿವಿಜ್ಞಾನ ನಿಂತಿದೆ. ಇನ್ನೊಂದು ಶಾಸ್ತ್ರಕ್ಕಾಗಿ ಭೌತಶಾಸ್ತ್ರ ಓದಿದ್ದು ವ್ಯರ್ಥವಾಯಿತೇ?

ತಂದೆ ತಾಯಂದಿರೇ, ಮಗು ಒಂದು ವಿಷಯದಲ್ಲಿ ಸೋತು ಬಂದಾಗ 'ಬೇಡದ್ದನ್ನು ಯಾಕೆ ಓದಿಸುತ್ತಾರೆ' ಎಂದು ಕಾಲೇಜನ್ನು ಬೈಯುವುದು ಸುಲಭ. 'ನಿನಗೆ ಬುದ್ಧಿಯಿಲ್ಲ' ಎಂದು ಮಗುವನ್ನು ಬೈಯುವುದು ಇನ್ನೂ ಸುಲಭ. ಅವೆರಡನ್ನೂ ಬಿಟ್ಟು, ಪುಸ್ತಕ ತೆರೆದು, 'ಎಲ್ಲಿ ತೊಡಕಾಯಿತು ತೋರಿಸು' ಎಂದು ಕೇಳಿ. ನಿಮಗೆ ಆ ಪಾಠ ಬಾರದಿರಬಹುದು. ಆದರೂ ಮಂಡಿಯ ಲೆಕ್ಕ ಬರುವುದಲ್ಲವೇ? ಎಲ್ಲೋ ಒಂದು ಕಡೆ ನಿಮ್ಮ ಬದುಕಿನ ಅನುಭವ ಅವರ ಪಾಠಕ್ಕೆ ದಾರಿ ಮಾಡಿಕೊಟ್ಟೀತು.

ಆ ಸಂಜೆ ಬೇಗನೆ ಹೊರಟೆವು. 2009ರಿಂದ ಬಂಡೀಪುರದ ಈ ರಸ್ತೆಯಲ್ಲಿ ರಾತ್ರಿ ಒಂಬತ್ತಕ್ಕೆ ಸಂಚಾರ ನಿಲ್ಲಿಸುತ್ತಾರೆ, ತಡಮಾಡುವಂತಿಲ್ಲ. ಹುಡುಗಿ ಬಟ್ಟೆ ಅಂಗಡಿಗೆ ಹೋಗುತ್ತಾಳೋ ಕಾಲೇಜಿಗೆ ಹೋಗುತ್ತಾಳೋ ಎಂದು ದಾರಿಯುದ್ದಕ್ಕೂ ಯೋಚನೆ. ಪಾಸ್ಕ ಹಬ್ಬದ ಮರುದಿನ ಫೋನ್ ಬಂತು. ಕಾಲೇಜು ಬಿಟ್ಟಿಲ್ಲ. ಎರಡನೆಯ ಸೆಮಿಸ್ಟರಿನ ಒಳ ಪರೀಕ್ಷೆಯಲ್ಲಿ ಭೌತಶಾಸ್ತ್ರ ದಾಟಿದೆ, ಹೆಚ್ಚೇನಲ್ಲ, ಕಷ್ಟಪಟ್ಟು ದಾಟಿದೆ. ಹಿಂದಿನದನ್ನು ಮತ್ತೆ ಬರೆಯಬೇಕು, ಹೆದರಿಕೆ ಇನ್ನೂ ಇದೆ ಎಂದಳು. ಎರಡು ನೋಟ್‌ಪುಸ್ತಕಗಳ ನಡುವೆ ಈಗ ಪುಟದ ಸಂಖ್ಯೆ ಹಾಕಿಕೊಂಡಿದ್ದಾಳಂತೆ. ಇದಕ್ಕೆ ಅಲ್ಲಿ ನೋಡು, ಅದಕ್ಕೆ ಇಲ್ಲಿ ನೋಡು ಎಂದು.

"ಅಪ್ಪ ಏನು ಮಾಡ್ತಾರೆ?" ಎಂದು ಕೇಳಿದೆವು.

"ಮನೆಗೆ ಯಾರು ಬಂದ್ರೂ ಒಲೆ ಹಚ್ಚಿ ಉಪ್ಪು ಹಾಕಿ ತೋರಿಸ್ತಾರೆ ಫಾದರ್. ಅಮ್ಮ ಬೈತಾ ಇರ್ತಾರೆ, ಉಪ್ಪಿನ ಡಬ್ಬಿ ಖಾಲಿ ಆಯ್ತು ಅಂತ!"

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.